ಮೂರನೆಯ ಪ್ಲಗ್ಗು

ಇಪ್ಪತ್ತಾರು ವರ್ಷದ ಕಾರು ಅಂಗಳದಲ್ಲಿ ಬಾನೆಟ್ ಎತ್ತಿಕೊಂಡು ನಿಂತು ಟಿಕ್ ಟಿಕ್ ಟಿಕ್ ಎನ್ನುತ್ತಿತ್ತು. ಮೈದುನ ಸೊಂಟಕ್ಕೆ ಕೈಕೊಟ್ಟು ಅದನ್ನು ದುರುಗುಟ್ಟಿ ನೋಡುತ್ತಿದ್ದ. ಅತ್ತಿಗೆ ಅವನನ್ನು ನೋಡುತ್ತಿದ್ದಳು, ಥೇಟು ಕಳ್ಳಿಯ ಹಾಗೆ.

ಕಳ್ಳಿಯೇ. ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಮೂರನೆಯ ಸ್ಪಾರ್ಕ್ ಪ್ಲಗ್ಗನ್ನು ಒಂದು ಸುತ್ತು ಸಡಿಲಿಸಿದ್ದು ಅವಳೇ. ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಅವಳು, ಯಾರ ಮುಂದೆಯೂ ಹಲ್ಲುಗಿಂಜದೆ ಸೇತುವೆಯಾಚೆಯ ತಂಗಿಯ ಮನೆಗೆ ಹೋಗಿಬರುತ್ತಿದ್ದ ಕಾರದು. ನಿನ್ನೆ ಊಟದ ನಡುವೆ ಗಂಡ, ಉಪ್ಪು ಕೇಳಿದಷ್ಟೇ ಸಲೀಸಾಗಿ, "ಕಾರನ್ನ ತಮ್ಮನಿಗೆ ಕೊಟ್ಬಿಡ್ತೀನಿ, ನಾಳೆ ತಗೊಂಡು ಹೋಗ್ತಾನೆ" ಎಂದುಬಿಟ್ಟಿದ್ದ. ರಾತ್ರಿಯಿಡೀ ಯೋಚಿಸಿದಳು.

"ಅತ್ತಿಗೆ, ಈ ಸದ್ದು ಯಾವಾಗಿಂದ?"

"ಇವತ್ತೇ ಕೇಳ್ತಿರೋದಪ್ಪ." ಅದು ಸುಳ್ಳಲ್ಲ ಎಂಬುದೊಂದೇ ಸಮಾಧಾನ.

ಸದ್ದಿಗೆ ಹೆದರಿ ಮೈದುನ ಬಸ್ಸು ಹತ್ತುತ್ತಾನೆಂದು ಅವಳು ಎಣಿಸಿದ್ದಳು. ಅವನೋ ಫೋನ್ ಮಾಡಿ ಮೆಕ್ಯಾನಿಕ್ಕನ್ನೇ ಕರೆಸಿದ. ಬಂದವನು, ಅವಳ ಗ್ರಹಚಾರಕ್ಕೆ, ಹೋದ ವರ್ಷ ಅವಳಿಗೆ ಪ್ಲಗ್ ಬಿಚ್ಚುವುದನ್ನು ಕಲಿಸಿದ್ದವನೇ.

ಮೆಕ್ಯಾನಿಕ್ಕು ಚೀಲದಿಂದ ಮೊಳದುದ್ದದ ರಬ್ಬರ್ ಪೈಪು ತೆಗೆದು ಒಂದು ತುದಿಯನ್ನು ಕಿವಿಗಿಟ್ಟುಕೊಂಡ. ಇನ್ನೊಂದು ತುದಿ ಇಂಜಿನ್ನಿನ ಮೇಲೆ ಮೆಲ್ಲಗೆ ಹರಿದಾಡಿತು. ಮೊದಲನೆಯ ಪ್ಲಗ್ಗು ದಾಟಿತು, ಎರಡನೆಯದು ದಾಟಿತು. ಮೂರನೆಯದರ ಹತ್ತಿರ ನಿಂತಿತು. ಅವನು ತಲೆಯೆತ್ತಿದ. ಅವಳ ಹೆಬ್ಬೆರಳಿನ ಉಗುರಲ್ಲಿ ಕಪ್ಪು ಗ್ರೀಸು. ಅವಳು ಕೈಯನ್ನು ಬೆನ್ನ ಹಿಂದೆ ಸರಿಸಿದಳು.

"ಏನಂತೆ?" ಎಂದ ಮೈದುನ.

"ನಾನು ಹೇಳಿದ್ರೆ ನಂಬ್ತೀರೋ ಇಲ್ವೋ. ನೀವೇ ಕೇಳಿ ಸಾರ್."

ಪೈಪು ಮೈದುನನ ಕಿವಿಗೆ ಹೋಯಿತು. ಇನ್ನೊಂದು ತುದಿಯನ್ನು ಮೆಕ್ಯಾನಿಕ್ಕು ಮೂರನೆಯ ಪ್ಲಗ್ಗಿನಿಂದ ಗೇಣು ದೂರಕ್ಕೆ, ಯಾವ ಕಾಯಿಲೆಯೂ ಇಲ್ಲದ ಜಾಗಕ್ಕೆ ಒತ್ತಿಹಿಡಿದ. ಆ ಪೈಪಿನಲ್ಲಿ ಕೇಳಿದರೆ ಎಂಥ ಗಟ್ಟಿಮುಟ್ಟಾದ ಇಂಜಿನ್ನೂ ಪಾತ್ರೆ ಅಂಗಡಿ ಕುಸಿದುಬಿದ್ದ ಹಾಗೆಯೇ ಕೇಳುವುದು. ಮೊದಲ ಸಲ ಕೇಳಿದಾಗ ಅವಳೂ ಕಿಟಾರನೆ ಕಿರುಚಿದ್ದಳು. ಮೈದುನನಿಗೆ ಅದೇನು ಗೊತ್ತು, ಪಾಪ.

"ಅಯ್ಯಯ್ಯೋ! ಒಳಗ್ಯಾರೋ ಸುತ್ತಿಗೇಲಿ ಹೊಡೀತಿದ್ದಾರಲ್ರೀ!"

"ನಾನೇನೂ ಹೇಳಿಲ್ಲ ಸಾರ್."

"ಇದ್ರಲ್ಲಿ ಇನ್ನೂರು ಕಿಲೋಮೀಟರ್ ಹೋಗ್ಲಾ? ಅಣ್ಣಾ, ತಮ್ಮನ ಮೇಲೆ ಇಷ್ಟೇನಾ ನಿನ್ನ ಪ್ರೀತಿ?"

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಕತ್ತೆತ್ತಿದ. "ಹಾಗಾದ್ರೆ ಇಲ್ಲೇ ಬಿದ್ದಿರ್ಲಿ ಬಿಡು. ನಿಮ್ಮತ್ತಿಗೆ ಓಡಿಸ್ಕೋತಾಳೆ."

"ಓಹೋ, ನಾನು ದಾರೀಲಿ ಹೋಗಿಬಿಟ್ರೆ ಪರವಾಗಿಲ್ಲ, ಅಲ್ವೇನ್ರೀ?" ಎಂದಳು. ಕೋಪ ನಿಜದ್ದೇ, ಆದರೂ ಒಳಗೊಳಗೇ ಕುಣಿಯುವಂತಾಗಿತ್ತು. ಮೆಕ್ಯಾನಿಕ್ಕಿಗೆ ವಿಪರೀತ ಕೆಮ್ಮು ಬಂತು.

ಅಣ್ಣತಮ್ಮಂದಿರು ಬಸ್ ಸ್ಟ್ಯಾಂಡಿನ ಕಡೆ ಹೊರಟು ತಿರುವಿನಲ್ಲಿ ಮರೆಯಾದರು. ಮೆಕ್ಯಾನಿಕ್ಕು ಇಂಜಿನ್ ಆಫ್ ಮಾಡಿ, ಪ್ಲಗ್ಗು ಬಿಗಿದು, ಕಾರಿನ ಕೀಯನ್ನು ಅವಳ ಕೈಗಿಟ್ಟ.

"ಒಂದು ಸುತ್ತು ಜಾಸ್ತಿಯಾಯ್ತಕ್ಕ. ಅರ್ಧ ಸಾಕಿತ್ತು."

"ಸುಮ್ನಿರಯ್ಯ." ಅವಳು ಕಿವಿ ನಿಮಿರಿಸಿದಳು. ಟಿಕ್ ಟಿಕ್ ಟಿಕ್. "ಅಯ್ಯೋ, ಇನ್ನೂ ಬರ್ತಿದೆಯಲ್ಲೋ ಸದ್ದು!"

"ಇಂಜಿನ್ ಆಫಾಗಿದೆ ಅಕ್ಕ. ಅದು ನಿಮ್ ಕೈಯಲ್ಲಿರೋ ಕೀ, ಬಂಪರ್‌ಗೆ ಬಡೀತಿದೆ. ಮೊದ್ಲು ಕೈ ನಡುಗೋದು ನಿಲ್ಸಿ."

ಅವಳು ಮುಷ್ಟಿ ಬಿಗಿದಳು. ಸದ್ದು ನಿಂತಿತು. ಅವತ್ತಿನಿಂದ ಆ ಕೀ ಗಂಡನ ಮೇಜಿನ ಖಾನೆಗೆ ವಾಪಸು ಹೋಗಲಿಲ್ಲ.