ಅವ್ವನ ದನಿಯಲ್ಲಿ ಅತ್ತವಳು

ಮುನಿಲಕ್ಷ್ಮಮ್ಮನ ಹೆಣವನ್ನು ಹೇರೋಹಳ್ಳಿಯ ಮನೆಯ ಮುಂದೆ ಶಾಮಿಯಾನದಡಿ ಮಲಗಿಸಿದ್ದರು. ಹೆಣ ಎತ್ತುವ ಮುಂಚೆ, ಸತ್ತವಳ ಬದುಕನ್ನೆಲ್ಲ ಹೇಳಿಕೊಂಡು ಹೆಂಗಸರು ಅಳಬೇಕು. ಎತ್ತಿದ ಮೇಲೆ ಹಾಗೆ ಅಳುವಂತಿಲ್ಲ. ಅದು ಆ ಮನೆತನದ ಕಟ್ಟಳೆ. ಮೊದಲು ಮಗಳು ಶುರು ಮಾಡಬೇಕು. ಆದರೆ ಬಸವೇಶ್ವರನಗರದ ಶಾಲೆಯಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ಕುಸುಮಾಳಿಗೆ ಅವ್ವನ ಮುಂದೆ ಒಂದು ಮಾತೂ ಹೊರಡಲಿಲ್ಲ.

ಸುಕಾಂತಿ ಶುರು ಮಾಡಿದಳು. ಒಡಿಶಾದವಳು, ಏಳು ವರ್ಷ ಮುದುಕಿಯನ್ನು ನೋಡಿಕೊಂಡವಳು. ಅವಳ ಕನ್ನಡವೆಲ್ಲ ಮುದುಕಿಯ ಬಾಯಿಂದ ಕಲಿತದ್ದು.

"ಎಮ್ಮೆ ಆಲ್ ಕರ್ದು ಮಕ್ಳ ಓದಿಸ್ದ್ಯಲ್ಲವ್ವಾ! ರೋಡ್ಗೆ ಒಲ ಓದಾಗ ಉಣ್ದೆ ಮನಿಕ್ಕಂಡ್ಯಲ್ಲವ್ವಾ!"

"ಡಬ್ಬಿಂಗ್ ಸೀರಿಯಲ್ ಇದ್ದಂಗಿದೆ ಗುರು," ಅಂದ ಕುಸುಮಾಳ ಗಂಡ ಆನಂದ್. ಯಾರೋ ಕಿಸಕ್ಕೆಂದರು.

ಕುಸುಮಾಳ ಮೈ ಉರಿಯಿತು. ಅವಳ ಕಿವಿಗೆ ಬಿದ್ದದ್ದೂ ಹೊರಗಿನವಳ ಮುರುಕು ಕನ್ನಡವೇ.

"ನಿಲ್ಸೇ ಸಾಕು! ಕನ್ನಡ ಬರ್ದಿದ್ರೆ ಸುಮ್ನೆ ಒಳಗೋಗು. ನಮ್ಮಮ್ಮನ್ನ ನಗೆಪಾಟಲು ಮಾಡ್ಬೇಡ."

ಸುಕಾಂತಿ ಕಣ್ಣೊರೆಸಿಕೊಂಡು ಎದ್ದು ಹೋದಳು. ಮತ್ಯಾರೂ ಬಾಯಿ ಬಿಡಲಿಲ್ಲ. ಹೆಣ ಎತ್ತಿದರು.

ಆಗ ಮುದುಕಿಯ ತಂಗಿ ರಾಮಮ್ಮ ಏದುಸಿರು ಬಿಡುತ್ತ ಬಂದಳು. ಮಾಗಡಿ ಕಡೆಯಿಂದ ಬಂದವಳನ್ನು ಗುಂಡಿ ಬಿದ್ದ ರಸ್ತೆಯ ತುದಿಯಲ್ಲೇ ಆಟೋದವನು ಇಳಿಸಿ ಹೋಗಿದ್ದ.

"ಯಾರೇ ಅತ್ತೋರು? ಅಲ್ಲಿಗಂಟ ಕೇಳುಸ್ತು. ನಮ್ಮಕ್ಕನೇ ಎದ್ ಕುಂತವ್ಳೆ ಅಂದ್ಕಂಡೆ ಕಣೇ!"

"ಕೆಲ್ಸದೋಳು ಚಿಕ್ಕಮ್ಮ, ಒರಿಸ್ಸಾದವಳು. ಕನ್ನಡ ನೆಟ್ಟಗೆ ಬರಲ್ಲ."

"ನಮ್ಮಕ್ಕನ ಮಾತೇ ಕಣೇ ಅದು, ಅದೇ ಎಳೆತ! ನಿಂಗ್ ಯಾವತ್ ನೆಟ್ಟಗ್ ಕೇಳುಸ್ತು? ಸ್ಕೂಲ್ ಫಂಕ್ಷನ್ನಾಗೆ ಅವ್ಳಿಗೆ 'ಬಾಯಿ ಬಿಡ್ಬೇಡ' ಅಂದಿದ್ಯಂತೆ. ನನ್ ತಾವ ಏಳ್ಕಂಡು ಅತ್ತಿದ್ಲು."

ಕುಸುಮಾ ಹಾಗೆ ಅಂದಿದ್ದು ನಿಜ. ಆಮೇಲೆ ಅವ್ವ ಅವಳ ಮನೆಗೆ ಬಂದಾಗಲೆಲ್ಲ ಮಾತಿಗೆ ಬರೀ ತಲೆಯಾಡಿಸಿಕೊಂಡು ಕೂತಿರುತ್ತಿದ್ದಳು. ಅವ್ವನ ಮಾತನ್ನೆಲ್ಲ ಕೇಳಿದವಳು ಸುಕಾಂತಿ.

ಕುಸುಮಾ ಒಳಗೆ ಹೋದಾಗ ಸುಕಾಂತಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.

"ಅಳೋದ್ ಬೇಡ ಸುಕಾಂತಿ. ಸುಮ್ನೆ ಏನಾದ್ರೂ ಮಾತಾಡು. ಅಮ್ಮನ ಥರ. ಒಂದೇ ಒಂದ್ಸಲ."

ಸುಕಾಂತಿ ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ಸಿಟ್ಟೇನೂ ಇರಲಿಲ್ಲ. ವರ್ಷಗಳಿಂದ ಆ ಮನೆಯಲ್ಲಿ ಆಡದಿದ್ದ ಹಿಂದಿಯಲ್ಲಿ ಮೆಲ್ಲಗೆ ಅಂದಳು:

"ಮುಝೆ ಕನ್ನಡ್ ನಹೀ ಆತಾ, ದೀದಿ."

ಕನ್ನಡ ಬರಲ್ಲ ಎಂದವಳು ಬ್ಯಾಗಿನ ಜಿಪ್ ಎಳೆದಳು.