ಬದಲಿಗೆ ಯಾವ ಸಾಲು

ಆಸ್ಪತ್ರೆಯ ಕಂಪ್ಯೂಟರ್ ರೂಮಿನಲ್ಲಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಡೈಲಾಗ್. ಪ್ರಿಂಟರ್ ಕೆಟ್ರೆ ಅದರ ಮುಂದೆ ಎದೆ ಸೆಟೆದು ನಿಂತು, "ನೀನು ಪೇಪರ್ ಉಗಿಯೋವರೆಗೂ ನಾನು ಕಣ್ಣು ಮಿಟುಕಿಸಲ್ಲ" ಅಂತಿದ್ದ. ಪ್ರಿಂಟರ್ ಕ್ಯಾರೇ ಅಂತಿರಲಿಲ್ಲ. ಜನ ಮಾತ್ರ ನಗ್ತಿದ್ರು.

ಅವತ್ತು ಅವನ ಕಂಪ್ಯೂಟರೂ ಅಷ್ಟೇ, ಜಪ್ಪಯ್ಯ ಅಂದ್ರೂ ಒಪ್ತಿರಲಿಲ್ಲ. ಅದರಲ್ಲಿ ಸಿಕ್ಕಿಹಾಕ್ಕೊಂಡಿದ್ದು ಅವನ ಭಾವನ ಜೀವ.

ಭಾವನ ಎರಡೂ ಕಿಡ್ನಿ ಕೈಕೊಟ್ಟಿದ್ವು. ಅಕ್ಕ ತನ್ನದೊಂದು ಕೊಡ್ತೀನಿ ಅಂದ್ಲು, ಹೊಂದಲಿಲ್ಲ. ಅಷ್ಟರಲ್ಲಿ ಒಬ್ಬ ಬಸ್ ಡ್ರೈವರ್ ಸಿಕ್ಕ. ಅವನದೂ ಅದೇ ಪಾಡು, ಹೆಂಡತೀದು ಅವನಿಗೆ ಹೊಂದಲ್ಲ. ಆದ್ರೆ ಅಕ್ಕಂದು ಡ್ರೈವರ್‌ಗೆ ಹೊಂದುತ್ತೆ, ಡ್ರೈವರ್ ಹೆಂಡತೀದು ಭಾವನಿಗೆ ಹೊಂದುತ್ತೆ. ಅದಲು ಬದಲು. ಎರಡು ಕಟ್ಟಡದಲ್ಲಿ, ಒಂದೇ ಹೊತ್ತಿಗೆ, ಎರಡೂ ಆಪರೇಷನ್. ಒಂದು ಕಡೆ ಕೊಯ್ದ ಮೇಲೆ ಇನ್ನೊಂದು ಕಡೆಯವರು ಹಿಂದೆ ಸರಿದ್ರೆ ಕೊಟ್ಟೋರ ಗತಿ ಏನು?

ಆ ಭಯಕ್ಕೇ ಕಂಪ್ಯೂಟರ್ ರೂಮಿನ ದೊಡ್ಡ ಮೇಡಂ ಅದಲು ಬದಲು ಕೇಸು ಬರೆಯೋ ಕಂಪ್ಯೂಟರ್ ಟೇಬಲ್‌ಗೆ ಒಂದು ರೂಲು ಹಾಕಿದ್ರು. ಪ್ರತಿ ಸಾಲಿನಲ್ಲೂ ಕೊಡೋರು ಯಾರು, ತಗೊಳ್ಳೋರು ಯಾರು, ಕೊನೇಗೆ 'ಬದಲಿಗೆ ಯಾವ ಸಾಲು'. ಆ ಬದಲಿ ಸಾಲು ಮೊದಲೇ ಟೇಬಲ್‌ನಲ್ಲಿ ಇರಬೇಕು, ಇಲ್ಲದಿದ್ರೆ ಇದಕ್ಕೆ ಪ್ರವೇಶ ಇಲ್ಲ. ಆಮೇಲೆ ಅದನ್ನ ಯಾರಾದ್ರೂ ತೆಗೆದ್ರೆ ಇದೂ ರದ್ದು. ಆಪರೇಷನ್ ರೂಮಿನ ಸ್ಕ್ರೀನ್ ಕೆಂಪಾಗಿಬಿಡುತ್ತೆ.

ಡೈಲಾಗ್ ಅಕ್ಕನ ಸಾಲು ಹಾಕೋಕೆ ಹೋದ್ರೆ, ಡ್ರೈವರ್ ಹೆಂಡತಿ ಸಾಲು ಎಲ್ಲಿ ಅಂತು. ಅವಳದು ಹಾಕೋಕೆ ಹೋದ್ರೆ, ನಿಮ್ಮಕ್ಕನ ಸಾಲು ಎಲ್ಲಿ ಅಂತು.

"ಮೇಡಂ, ಇದು ನೀನು ಮೊದಲು ಗನ್ ಕೆಳಗಿಡು, ಇಲ್ಲ ನೀನು ಮೊದಲು ಕೆಳಗಿಡು ಅನ್ನೋ ಸೀನ್ ಆಯ್ತು."

ಮೇಡಂ ಮನೆಗೆ ಹೊರಟಿದ್ರು. "ಇಬ್ಬರೂ ಒಟ್ಟಿಗೆ ಕೆಳಗಿಡಬೇಕು. ಎರಡೂ ಸಾಲು ಒಂದೇ ಏಟಿಗೆ ಒಳಗೆ ಹೋಗಿ, ತಾಳೆ ನೋಡೋದು ಕೊನೇಲಿ. ಹಾಗೆ ಬರೆಯೋಕೆ ಟೈಮ್ ಬೇಕು, ನಾಳೆ ಕೂತ್ಕೊಳ್ಳೋಣ."

"ಈ ವಾರದ ಆಪರೇಷನ್ ಪಟ್ಟಿ ಇವತ್ತೇ ಮುಚ್ಚುತ್ತೆ."

"ಮುಂದಿನ ವಾರ ಆಗುತ್ತೆ ಬಿಡು. ರೂಲಿಗೆ ಮಾತ್ರ ಕೈ ಹಾಕ್ಬೇಡ."

ಮುಂದಿನ ವಾರ. ಭಾವನ ಮುಖ ಬೆಳಿಗ್ಗೆ ಹಿಟ್ಟು ನಾದಿಟ್ಟ ಹಾಗೆ ಊದಿತ್ತು. ಮೇಡಂ ಹೋಗಿದ್ದೇ ತಡ, ಡೈಲಾಗ್ ಬೆರಳು ನೆಟಿಗೆ ಮುರಿದ. "ರೂಲು ಎಲ್ಲರ ದಾರಿಗೂ ಅಡ್ಡ ಬರುತ್ತೆ. ನನ್ನ ದಾರಿಗೆ ಬಂದ್ರೆ ರೂಲೇ ಪಕ್ಕಕ್ಕೆ ಸರಿಯುತ್ತೆ" ಅಂತ ಖಾಲಿ ಕುರ್ಚಿಗಳಿಗೆ ಹೇಳಿ ಅದನ್ನ ಕಿತ್ತುಹಾಕಿದ. ಎರಡೂ ಸಾಲು ಬೆಣ್ಣೆ ಥರ ಒಳಗೆ ಹೋದ್ವು. ಭಾವನಿಗೆ ಒಂದು ಮಾತು ಹೇಳಿ ಬಂದು ರೂಲು ವಾಪಸ್ ಹಾಕಿದ್ರಾಯ್ತು ಅಂತ ಮೆಟ್ಟಿಲು ಹತ್ತಿ ಓಡಿದ.

"ಏನು ಭಾವಮೈದ," ಭಾವ ದಿಂಬಿನಿಂದ ತಲೆ ಎತ್ತಿದ್ರು, "ಮುಖದಲ್ಲಿ ವಿಲನ್‌ನ ಕೆಡವಿ ಬಂದ ಕಳೆ?"

"ಪಟ್ಟೀಲಿ ಹೆಸರು ಬಂತು ಭಾವ. ಇನ್ನು ನಿಮ್ಮ ಮೇಲೊಂದು ಹಾಡು ತೆಗೆಯೋದಷ್ಟೇ ಬಾಕಿ."

"ನೀನೂ ಒಂದು ಟೆಸ್ಟ್ ಮಾಡಿಸ್ಕೋ ಅಂದಾಗ, ಹೀರೋ ಎಂಟ್ರಿ ಇಂಟರ್ವಲ್ ಆದ್ಮೇಲೆ ಅಂದಿದ್ದೋನು ನೀನು."

"ಸುಮ್ನಿರ್ರೀ," ಅಂದ್ಲು ಅಕ್ಕ. "ಅವನಿಗೆ ಸೂಜಿ ಕಂಡ್ರೆ ಆಗಲ್ಲ. ನಾನಿಲ್ವಾ?"

ಮೂವರೂ ನಕ್ಕರು. ಮಾತಿಗೆ ಮಾತು ಬೆಳೀತು. ಅವನು ಅಲ್ಲಿಂದ ನೇರ ಮನೆಗೆ ಹೋದ. ರೂಲು ಮರೆತೇಹೋಯ್ತು.

ಆಪರೇಷನ್ ದಿನ ಬೆಳಿಗ್ಗೆ ಡ್ರೈವರ್ ಹೆಂಡತಿಯ ಕೊನೇ ರಕ್ತದ ರಿಪೋರ್ಟ್ ಬಂತು. ರಕ್ತದಲ್ಲಿ ಸೋಂಕು. ಅವಳಿನ್ನು ಯಾವತ್ತೂ ಯಾರಿಗೂ ಕಿಡ್ನಿ ಕೊಡೋ ಹಾಗಿಲ್ಲ. ಅವಳಿದ್ದ ಕಟ್ಟಡದ ನರ್ಸ್ ಎಂದಿನ ಹಾಗೆ ಅವಳ ಸಾಲು ತೆಗೆದ್ರು. ಇನ್ನೊಂದು ಕಟ್ಟಡದಲ್ಲಿ ಸ್ಕ್ರೀನ್ ಕೆಂಪಾಗುತ್ತೆ, ಅಲ್ಲಿಯವರೂ ನಿಲ್ಲಿಸ್ತಾರೆ ಅನ್ನೋ ನಂಬಿಕೆ. ಇಷ್ಟು ವರ್ಷ ಹಾಗೇ ಆಗಿತ್ತು.

ಅಕ್ಕನ ತಲೆ ಮೇಲಿನ ಸ್ಕ್ರೀನ್ ಹಸಿರಾಗೇ ಇತ್ತು. ಡಾಕ್ಟರ್ ಅದನ್ನ ನೋಡಿ ಕತ್ತಿ ತಗೊಂಡ್ರು.

ಮೇಡಂ ಬಂದು ಡೈಲಾಗ್ ಕುರ್ಚಿ ಹಿಂದೆ ನಿಂತ್ರು. "ರೂಲು ಎಲ್ಲಿ?"

"ಈಗಲೇ ಹಾಕ್ತೀನಿ ಮೇಡಂ. ಯಾಕೆ?"

"ನಿಮ್ಮಕ್ಕಂದು ತೆಗೆದು ಡ್ರೈವರ್‌ಗೆ ಹಾಕಾಯ್ತು. ಕೊಡೋರಿಲ್ಲ ಅಂತ ನಿಮ್ಮ ಭಾವನ್ನ ಸ್ಟ್ರೆಚರ್‌ನಲ್ಲೇ ವಾರ್ಡಿಗೆ ವಾಪಸ್ ಕಳ್ಸಿದ್ದಾರೆ."

ಅವನು ಕುರ್ಚಿ ತಳ್ಳಿ ವಾರ್ಡಿಗೆ ಓಡಿದ.

ವಾರ್ಡಿನ ಬಾಗಿಲಲ್ಲಿ ಡ್ರೈವರ್ ಹೆಂಡತಿ ನಿಂತಿದ್ಲು. ಒಳಗೆ ಬಾ ಅಂದ್ರೂ ಬರಲಿಲ್ಲ, ಹೊರಡಲೂ ಇಲ್ಲ. ಒಳಗೆ ಅಕ್ಕ ಅರೆ ಮಂಪರಿನಲ್ಲಿ, "ನಮ್ಮವರದು ಆಯ್ತಾ?" ಅಂತ ಕೇಳ್ತಿದ್ಲು.

"ಆಯ್ತು, ನೀನು ಮಲಕ್ಕೋ," ಅಂದ್ರು ಪಕ್ಕದ ಮಂಚದಿಂದ ಭಾವ.

ಡೈಲಾಗ್ ಭಾವನ ಹತ್ತಿರ ಬಗ್ಗಿದ. "ಭಾವ, ಅದು ನಾನು..."

"ಮೇಡಂ ಹೇಳಿದ್ರು." ಭಾವ ಸೂರು ನೋಡ್ತಿದ್ರು. "ಅವಳ ಹೊಲಿಗೆ ಒಣಗೋವರೆಗೂ ಬಾಯಿ ಬಿಡ್ಬೇಡ. ಅಷ್ಟಾದ್ರೂ ಮಾಡು."

ಅವನು ಸೀದಾ ಲ್ಯಾಬಿಗೆ ಇಳಿದು ತೋಳು ಮಡಚಿ ಕೂತ. ಸೂಜಿ ಒಳಗೆ ಹೋಗೋದನ್ನ ಕಣ್ಣು ಬಿಟ್ಕೊಂಡೇ ನೋಡಿದ. ಸ್ವಲ್ಪ ಹೊತ್ತಿಗೆ ಲ್ಯಾಬಿನವನು ಚೀಟಿ ಕೊಟ್ಟ. "ನಿಮ್ಮಕ್ಕನ ಗ್ರೂಪೇ ನಿಮ್ದೂ. ನಿಮ್ಮ ಭಾವನಿಗೆ ಹೊಂದಲ್ಲ. ಅದಲು ಬದಲಿಗೆ ಬೇಕಾದ್ರೆ ಬರೆಸಿ."

ಮೇಲೆ ಬಂದಾಗ ಮೇಡಂ ಅಕ್ಕನ ಸಾಲು ಮುಗಿದ ಕೇಸುಗಳಿಗೆ ಸೇರಿಸಿ, ರೂಲು ವಾಪಸ್ ಹಾಕಿ ಮುಗಿಸಿದ್ರು. ಅವನು ಹೊಸ ಸಾಲು ತೆರೆದ. ಕೊಡೋರು ಅನ್ನೋ ಕಡೆ ಅಪ್ಪ ಅಮ್ಮ ಇಟ್ಟ ಹೆಸರು ಬರೆದ. ತಗೊಳ್ಳೋರು, ಯಾರಾದ್ರೂ ಸರಿ. ಕೊನೇ ಮನೆ ಖಾಲಿ ಬಿಟ್ಟು ಗುಂಡಿ ಒತ್ತಿದ.

ಬದಲಿಗೆ ಯಾವ ಸಾಲು, ಅಂತ ಕೇಳ್ತು.

"ಇನ್ನೊಂದು ಜೋಡಿ ಬರಬೇಕು," ಅಂದ್ರು ಮೇಡಂ. "ಬಂದ್ರೆ ಎರಡೂ ಒಟ್ಟಿಗೆ ಹಾಕೋಣ."

"ಯಾವಾಗ ಬರಬಹುದು?"

ಮೇಲಿನ ಮಹಡೀಲಿ ಭಾವನ ತೋಳಿಗೆ ಮತ್ತೆ ಡಯಾಲಿಸಿಸ್ ಮೆಷಿನ್ನಿನ ಕೊಳವೆ ಚುಚ್ತಿದ್ರು. ಡೈಲಾಗ್ ಇನ್ನೊಂದು ಸಲ ಗುಂಡಿ ಒತ್ತಿದ. ಅದು ಮತ್ತೆ ಅದನ್ನೇ ಕೇಳ್ತು.