ರೌಡಿಯ ಊಟದ ಚೀಲ

ಹಾಲು ಕೆಟ್ಟಿತ್ತು. ಮೂಸಿ ನೋಡುವ ಮೊದಲೇ ಗೊತ್ತಾಯಿತು. ಬಾಟಲಿ ಕೈಗೆ ಬೆಚ್ಚಗಿತ್ತು. ಮಗಳು ಅದನ್ನು ಸಿಂಕಿಗೆ ಸುರಿದು, ನಲ್ಲಿ ತಿರುಗಿಸಿ, ಬಿಳಿ ಬಣ್ಣ ಹೋಗುವ ತನಕ ನೋಡುತ್ತಾ ನಿಂತಳು.

"ಹೋಗ್ಲಿ ಬಿಡಮ್ಮ. ನಾಳೆ ಹೇಗೂ ರಜೆ. ಸೋಮವಾರ ಇನ್ನೊಂದ್ಸಲ ನೋಡ್ತೀನಿ. ಅವತ್ತೂ ಹೀಗೇ ಆದ್ರೆ ಕೆಲಸ ಬಿಟ್ಬಿಡ್ತೀನಿ" ಅಂದಳು.

ಕೆಲಸ ಬಿಡುತ್ತಾಳಂತೆ! ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಇವಳು ಕ್ರೇನ್ ಓಡಿಸುವವಳು. ಸೂರಿನಡಿ ತೂಗುವ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣದ ಕೊಪ್ಪರಿಗೆಯನ್ನು ಒಂದು ತೊಟ್ಟೂ ಚೆಲ್ಲದೆ ಆ ತುದಿಯಿಂದ ಈ ತುದಿಗೆ ಒಯ್ಯುತ್ತಾಳೆ. ಆ ಸೀಟಿಗಾಗಿ ಎಷ್ಟು ಜನರ ಬಾಯಿಗೆ ಬಿದ್ದಿದ್ದಳು, ಎಷ್ಟು ಸಲ ಅಳುತ್ತಾ ಮನೆಗೆ ಬಂದಿದ್ದಳು ಅನ್ನುವುದು ನನಗೆ ಗೊತ್ತು. ಹೆರಿಗೆ ರಜೆ ಮುಗಿಸಿ ಹೋದ ಮೊದಲ ದಿನವೇ, ಅವಳ ಜಾಗದಲ್ಲಿ ಕೂತಿದ್ದವನು "ಯಾವಾಗ ಬಿಡ್ತೀಯಕ್ಕಾ?" ಅಂತ ಕೇಳಿದನಂತೆ. ಒಂದು ಸಲ ಬಿಟ್ಟರೆ ಆ ಸೀಟು ಮತ್ತೆ ಸಿಗುವುದು ಕನಸಿನ ಮಾತು.

ಇನ್ನು ಮೊಮ್ಮಗಳು. ಅವಳಿಗೆ ನಾನಿಟ್ಟ ಹೆಸರು ರೌಡಿ. ಡಬ್ಬಿ ಹಾಲು ಬಾಯಿಗೆ ಸೋಕಿದರೆ ಸಾಕು, ಪುರ್ರಂತ ನನ್ನ ಮುಖಕ್ಕೇ ಉಗಿದು, ಮನೆ ಕಿತ್ತುಹೋಗುವ ಹಾಗೆ ಅರಚುತ್ತಾಳೆ. ತಾಯಿಯ ಹಾಲೇ ಆಗಬೇಕು. ಹಾಗಾಗಿ ಮಗಳು ಕಾರ್ಖಾನೆಯಲ್ಲಿ ಬಿಡುವು ಸಿಕ್ಕಾಗ ಹಾಲು ತೆಗೆದು ತರಬೇಕು, ಮಾರನೆಯ ದಿನ ಅದನ್ನು ನಾನು ಕುಡಿಸಬೇಕು. ಅಲ್ಲಿ ಫ್ರಿಜ್ಜಿಲ್ಲ, ಇರುವುದು ಕುಲುಮೆಯ ಧಗೆ. ಆ ಧಗೆಯಲ್ಲೂ ಸಂಜೆಯ ತನಕ ಹಾಲು ತಣ್ಣಗಿರಲಿ ಅಂತಲೇ ನಾನು ಚೀಲ ಹೊಲಿದದ್ದು.

ಅಳಿಯ ಲಾರಿ ಡ್ರೈವರ್. ಎಲ್ಲಿಂದಲೋ ಫೋನ್ ಮಾಡಿ, "ಅತ್ತೆ, ಅಂಗಡೀಲಿ ರೆಡಿಮೇಡ್ ಸಿಗುತ್ತಲ್ಲ?" ಅಂದಿದ್ದ.

"ಸಿಗುತ್ತಪ್ಪಾ, ಕೈಯಲ್ಲಿ ಹಿಡ್ಕೊಳ್ಳೋ ಡಬ್ಬ. ನಿನ್ ಹೆಂಡ್ತಿ ನೆಟ್ಟಗಿರೋ ಏಣಿ ಹತ್ಬೇಕು, ಎರಡೂ ಕೈ ಬೇಕು. ಹಲ್ಲಲ್ಲಿ ಕಚ್ಕೊಂಡ್ ಹೋಗ್ಲಿ ಅಂತೀಯಾ?" ಅಂದೆ.

ಬೆನ್ನಿಗೆ ಅಂಟಿಕೊಂಡು ಕೂರುವ ಚೀಲ ಬೇಕಿತ್ತು. ಹೊರಗೆ ದಪ್ಪ ಕ್ಯಾನ್ವಾಸ್, ನಡುವೆ ಸ್ಪಂಜು, ಒಳಗೆ ಬೆಳ್ಳಿ ಬಣ್ಣದ ಹಾಳೆ. ನೋಡಿದವರಿಗೆ ಊಟದ ಚೀಲ. ಗೇಟಿನ ಕಾವಲುಗಾರ ಏನಿದು ಅಂದರೆ ಊಟ ಅನ್ನು ಅಂತ ಮಗಳಿಗೆ ಹೇಳಿಕೊಟ್ಟಿದ್ದೆ. ಊಟವೇ ತಾನೆ? ಯಾರದ್ದು ಅನ್ನುವ ಉಸಾಬರಿ ಅವನಿಗ್ಯಾಕೆ?

ಬಸ್ಸು, ಕಾರುಗಳ ಸೀಟ್ ಕವರ್ ಹೊಲಿಯುವುದು ನನ್ನ ಕಸುಬು. ನನ್ನ ಹೊಲಿಗೆ ಬಿಚ್ಚಿತು ಅಂದವರು ಇವತ್ತಿನವರೆಗೂ ಇಲ್ಲ. ಅಂಥ ಕೈ ಹೊಲಿದ ಚೀಲವೇ ಹೀಗೆ ಕೈಕೊಟ್ಟರೆ ನನಗೆ ಹೇಗಾಗಬೇಡ? ಅವತ್ತು ಊಟ ಸೇರಲಿಲ್ಲ. ಐಸಿನ ಬಾಟಲಿ ಸರಿಯಾಗಿ ಇಟ್ಟಿದ್ದೆಯಾ, ಜಿಪ್ ಪೂರ್ತಿ ಎಳೆದಿದ್ದೆಯಾ ಅಂತ ಮಗಳ ಪ್ರಾಣ ತಿಂದೆ.

"ಎಲ್ಲಾ ನೀನ್ ಹೇಳ್ದಂಗೇ ಮಾಡಿದ್ದೀನಿ. ಸ್ವಲ್ಪ ಸುಮ್ನಿರಮ್ಮ" ಅಂದಳು.

ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಭಾನುವಾರ ಬೆಳಗ್ಗೆ ಚೀಲದೊಳಗೆ ಐಸ್ ತುಂಬಿದ ಬಾಟಲಿಗಳನ್ನಿಟ್ಟು, ಜಿಪ್ ಎಳೆದು, ಕಿಟಕಿಯ ಬಿಸಿಲಲ್ಲಿಟ್ಟೆ. ಒಂದು ಗಳಿಗೆ ಕೂತೆ, ಎದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಂದು ಚೀಲ ಮುಟ್ಟಿದೆ. ರೌಡಿಯನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿ, ಮತ್ತೆ ಬಂದು ಮುಟ್ಟಿದೆ.

"ಅಮ್ಮಾ, ಅದೇನು ಮೊಟ್ಟೆನಾ? ಮರಿ ಆಗ್ಲಿ ಅಂತ ಕಾಯ್ತಿದ್ದೀಯಾ?" ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಎಷ್ಟನೆಯ ಸಲವೋ ಏನೋ, ಬೆರಳಿಗೆ ಒದ್ದೆ ಹತ್ತಿತು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಹೊಲಿಗೆ ಹಾದುಹೋದ ಕಡೆಯೆಲ್ಲ ಕ್ಯಾನ್ವಾಸ್ ತಣ್ಣಗೆ ಬೆವರಿತ್ತು. ಎರಡು ಹೊಲಿಗೆಗಳ ನಡುವೆ, ಸ್ಪಂಜು ಉಬ್ಬಿದ್ದಲ್ಲಿ, ಒಣಗಿಯೇ ಇತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ಬಸ್ಸಿನ ಸೀಟಿಗೆ ಹೊಲಿಯುವ ಹಾಗೆ ಚೌಕ ಚೌಕವಾಗಿ, ಜೋಡಿ ಸಾಲಿನಲ್ಲಿ, ಸ್ಪಂಜು ಅಪ್ಪಚ್ಚಿಯಾಗುವಷ್ಟು ಬಿಗಿದು ಹೊಲಿದಿದ್ದೆ; ಅದರ ಮೇಲೆ ಯಾರೋ ದಢೂತಿ ಆಸಾಮಿ ಬಂದು ಕೂರುತ್ತಾನೆ ಅನ್ನುವ ಹಾಗೆ. ಸ್ಪಂಜು ಉಬ್ಬಿಕೊಂಡಿದ್ದರೆ ತಾನೆ ತಂಪು ಒಳಗೆ ನಿಲ್ಲುವುದು? ಬಿಗಿದ ಸಾಲುಗಳಲ್ಲೆಲ್ಲ ಅದು ಹೊರಗೆ ಹೋಗುತ್ತಿತ್ತು.

ಬಿಚ್ಚಲು ಕೂತೆ. ನನ್ನ ಹೊಲಿಗೆ, ಬಿಚ್ಚುವುದೇನು ಸುಲಭವೇ? ಬ್ಲೇಡು ಜಾರಿ ಹೆಬ್ಬೆರಳು ಕುಯ್ದಿತು. ಬಿಡಿಸಿ ನೋಡಿದರೆ ಬೆಳ್ಳಿ ಹಾಳೆಯ ತುಂಬ ತೂತು. ಅದನ್ನು ಎಸೆದು ಹೊಸದು ಕತ್ತರಿಸಿದೆ. ಸ್ಪಂಜನ್ನೂ ಹೊಸದಾಗಿ ಎರಡು ಪದರ ಇಟ್ಟು, ಅಂಚಿನಲ್ಲಿ ಮಾತ್ರ ಹೊಲಿದೆ. ನಡುವೆ ಸೂಜಿ ಸೋಕಿಸಲಿಲ್ಲ. ಹಾಗೆ ಬಿಡುವುದಕ್ಕೆ ಕೈ ಒಪ್ಪುತ್ತಿರಲಿಲ್ಲ. ಇನ್ನೊಂದೇ ಒಂದು ಸಾಲು ಎಳೆದುಬಿಡೋಣ ಅಂತ ಜೀವ ಚಡಪಡಿಸುತ್ತಿತ್ತು. ಮುಗಿಸಿದಾಗ ಚೀಲ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಗಿರಾಕಿಗೆ ಕೊಟ್ಟಿದ್ದರೆ ಮುಖಕ್ಕೆ ಎಸೆದು ಹೋಗುತ್ತಿದ್ದ.

ಸೋಮವಾರ ಮಗಳು ಅದನ್ನು ಬೆನ್ನಿಗೇರಿಸಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ರೌಡಿಯನ್ನು ನೋಡಿದಳು. ಆ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕಾರಿನ ಸೀಟ್ ಕವರನ್ನು ಒಳಗಿನದು ಹೊರಗೆ ಮಾಡಿ ಹೊಲಿದು, ನನ್ನನ್ನೇ ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಹಿಂದಿನ ದಿನ ತೆಗೆದಿಟ್ಟಿದ್ದ ಹಾಲನ್ನು ರೌಡಿ ಸಂಜೆಯ ಹೊತ್ತಿಗೆ ಪೂರ್ತಿ ಮುಗಿಸಿದಳು. ನಾಳೆಗೆ ಅಂತ ಮನೆಯಲ್ಲಿ ಒಂದು ತೊಟ್ಟೂ ಇರಲಿಲ್ಲ.

ಮಗಳು ಬಂದಳು. ಶೂ ಬಿಚ್ಚಲೂ ಬಿಡದೆ ಚೀಲ ಕಿತ್ತುಕೊಂಡು ಜಿಪ್ ಎಳೆದೆ. ಹಾಲಿನ ಬಾಟಲಿ ಹಿಡಿದರೆ ಬೆರಳು ಜುಮ್ಮೆಂದಿತು. ಅಷ್ಟು ತಣ್ಣಗೆ! ಪಕ್ಕದ ಬಾಟಲಿಯಲ್ಲಿ ಐಸಿನ ಚೂರುಗಳು ಇನ್ನೂ ಗಲಗಲ ಅನ್ನುತ್ತಿದ್ದವು.

"ಗೆದ್ವಿ ಕಣೇ!" ಅಂತ ಕೂಗಿದೆ. "ನೋಡೇ, ಮುಟ್ಟಿ ನೋಡೇ!"

ಅವಳು ಮುಟ್ಟಲಿಲ್ಲ. ಗೋಡೆಗೊರಗಿ ಹಾಗೇ ಕುಸಿದು ಕೂತು, ರೌಡಿಯನ್ನು ಮಡಿಲಿಗೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಏನಾಯ್ತೇ? ಯಾರೇನಂದ್ರು?"

"ಯಾರೂ ಏನೂ ಅನ್ಲಿಲ್ಲ. ಹಾಲು ಕೆಟ್ಟಿರ್ಲಿ ಅಂತ ದಾರಿಯುದ್ದಕ್ಕೂ ಬೇಡ್ಕೊಂಡ್ ಬಂದೆ ಅಮ್ಮ. ಕೆಟ್ಟಿದ್ರೆ, ನಾನಾಗಿ ಕೆಲಸ ಬಿಟ್ಟೆ ಅಂತ ಆಗ್ತಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬೆರಳು ಕುಯ್ದುಕೊಂಡದ್ದು ಇದಕ್ಕಾ?

"ಹಾಗಾದ್ರೆ ಆ ಕ್ರೇನ್ ಬೇಡ್ವಾ ನಿಂಗೆ?"

"ಬೇಕು!" ಅಳುತ್ತಲೇ ಅರಚಿದಳು. "ಇವತ್ತು ಮೇಲೆ ಹತ್ತಿ ಕೂತಾಗ ಎಷ್ಟು ಖುಷಿ ಆಯ್ತು ಗೊತ್ತಾ? ಮಧ್ಯಾಹ್ನದವರೆಗೂ ಇವಳ ನೆನಪೇ ಬರ್ಲಿಲ್ಲ. ನೆನಪೇ ಬರ್ಲಿಲ್ಲಮ್ಮ ನಂಗೆ!"

ಸಿಟ್ಟು ಎಲ್ಲಿ ಹೋಯಿತೋ. ಸಂಕಟವಾಯಿತು. ಪಕ್ಕದಲ್ಲಿ ಕೂತೆ. ನಯವಾಗಿ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

"ಬರ್ದಿದ್ರೆ ಬೇಡ. ಜನರ ತಲೆ ಮೇಲೆ ಕರಗಿದ ಕಬ್ಬಿಣ ತೂಗಿಸ್ಕೊಂಡು ಮಗು ನೆನೀತಾ ಕೂತ್ರೆ ಕೆಳಗಿರೋರ ಗತಿ ಏನು? ಅಷ್ಟ್ ಹೊತ್ತು ಇವಳನ್ನ ನಾನ್ ನೆನಪಿಟ್ಕೊಂಡಿರ್ತೀನಿ. ನಾಳೆ ಹೋಗು. ಬಂದ್ಮೇಲೆ ಬೇಕಾದ್ರೆ ಹೀಗೇ ಕೂತ್ಕೊಂಡು ಅಳು."

ಅವಳು ಮೂಗು ಒರೆಸಿಕೊಂಡು, ರೌಡಿಯನ್ನು ನನ್ನ ತೊಡೆಗೆ ದಾಟಿಸಿ, ತಾನೇ ಎದ್ದು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟಳು.